‘ನನ್ನ ಮಗ ನೋಡಿ ಕಲಿಯುವವನು’ ಎನ್ನುವ ಮೊದಲು

ಮದರಸಕ್ಕೆ ಮಕ್ಕಳನ್ನು ಸೇರಿಸಲು ಬರುವ ತಂದೆ-ತಾಯಿಯರ ಬಾಯಲ್ಲಿ ಈಗೀಗ ಒಂದು ಹೊಸ ಮಾತು ಕೇಳಿಬರುತ್ತಿದೆ. “ಉಸ್ತಾದರೇ, ನಮ್ಮ ಹುಡುಗ ವಿಶುವಲ್ ಲರ್ನರ್ ಅಂತೆ. ಕೇಳಿದ್ದು ಅವನ ತಲೆಗೆ ಹೋಗುದಿಲ್ಲ, ನೋಡಿದ್ದು ಮಾತ್ರ ಹೋಗುದು.” ಇನ್ನೊಬ್ಬರ ಮಗಳು ಕೇಳಿ ಕಲಿಯುವವಳು, ಮತ್ತೊಬ್ಬರ ಮಗ ಕೈಯಲ್ಲಿ ಮಾಡಿ ಕಲಿಯುವವನು. ಕೆಲವರು ಶಾಲೆಯವರು ಹೇಳಿದ್ದು ಅನ್ನುತ್ತಾರೆ, ಕೆಲವರು ಮೊಬೈಲಿನಲ್ಲಿ ನೋಡಿದ್ದು. ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿ, ಬಣ್ಣಬಣ್ಣದ ಚಿತ್ರಗಳಿರುವ ವರದಿಯನ್ನೇ ತಂದು ತೋರಿಸುವವರೂ ಇದ್ದಾರೆ.

ತಂದೆ-ತಾಯಿ ಮಗುವಿನ ಓದಿನ ಬಗ್ಗೆ ಇಷ್ಟು ಯೋಚಿಸುತ್ತಿದ್ದಾರಲ್ಲ ಎನ್ನುವುದೇ ಸಂತೋಷ. ನಮ್ಮ ಹಿಂದಿನ ತಲೆಮಾರಿನಲ್ಲಿ ಮಗು ಯಾವ ತರಗತಿಯಲ್ಲಿ ಉಂಟು ಎಂದು ಕೇಳಿದರೆ ಉತ್ತರ ಹೇಳಲು ಉಪ್ಪನಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಆದರೆ ಈ ಹೊಸ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎನ್ನುವುದು ನನ್ನ ಚಿಂತೆ. ಐದನೇ ತರಗತಿಯಲ್ಲಿ “ಇವನು ಕೇಳಿ ಕಲಿಯುವವನಲ್ಲ” ಎಂದದ್ದು, ಎಂಟನೇ ತರಗತಿಗೆ ಬರುವಾಗ “ಇವನಿಗೆ ಪುಸ್ತಕ ಹತ್ತುದಿಲ್ಲ, ಕೈಕೆಲಸದವನು” ಎಂದಾಗುತ್ತದೆ. ಎಸೆಸೆಲ್ಸಿಯಲ್ಲಿ ಗಣಿತ ಹೋಯಿತೋ, ಮಾರನೆಯ ದಿನವೇ ಹುಡುಗ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದೆ. ಅವನು ಹೇಗೆ ಕಲಿಯುತ್ತಾನೆ ಎಂದು ಕೇಳಿದ ಪ್ರಶ್ನೆ, ಅವನು ಕಲಿಯುವುದು ಬೇಡ ಎನ್ನುವ ತೀರ್ಮಾನದಲ್ಲಿ ಮುಗಿಯುತ್ತದೆ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ನ್ಯೂಝಿಲೆಂಡಿನಲ್ಲಿ ನೀಲ್ ಫ್ಲೆಮಿಂಗ್ ಎಂಬ ಶಿಕ್ಷಣ ಪರಿವೀಕ್ಷಕರಿದ್ದರು. ಅವರು 1992ರಲ್ಲಿ ‘ವಾರ್ಕ್’ ಎಂಬ ವಿಂಗಡಣೆಯನ್ನು ಮುಂದಿಟ್ಟರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ-ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂದು ನಾಲ್ಕು ಗುಂಪು. ಇಂಥ ವಿಂಗಡಣೆ ಅವರೊಬ್ಬರದೇ ಅಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಕಲಿಕೆಯ ಶೈಲಿಯ ಹೆಸರಿನಲ್ಲಿ 71 ಬಗೆಯ ಮಾದರಿಗಳು ಸಿಕ್ಕಿದವು. ಒಂದೇ ಮಗುವನ್ನು 71 ತರಹ ವಿಂಗಡಿಸಲು ಆಗುವುದಾದರೆ, ಆ ವಿಂಗಡಣೆಯಲ್ಲಿ ಎಷ್ಟು ಹುರುಳಿದೆ ಎಂದು ಯಾರಿಗಾದರೂ ಸಂಶಯ ಬರಬೇಕು.

ಸಂಶಯವನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದ್ದು 2008ರಲ್ಲಿ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನು ಮೂವರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ತೆಗೆದು ನೋಡಿದರು. ಅವರು ಕೇಳಿದ ಪ್ರಶ್ನೆ ಬಹಳ ಸರಳ. ನೋಡಿ ಕಲಿಯುವವರು ಎನಿಸಿಕೊಂಡ ಮಕ್ಕಳಲ್ಲಿ ಅರ್ಧ ಜನರಿಗೆ ಚಿತ್ರ ತೋರಿಸಿ ಪಾಠ ಮಾಡಿ, ಉಳಿದ ಅರ್ಧಕ್ಕೆ ಬಾಯಿಮಾತಿನಲ್ಲಿ. ಕೇಳಿ ಕಲಿಯುವವರಿಗೂ ಹಾಗೆಯೇ ಮಾಡಿ. ಕೊನೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ. ಶೈಲಿಯ ಮಾತು ನಿಜವಾದರೆ ತಮ್ಮ ಶೈಲಿಯಲ್ಲಿ ಪಾಠ ಕೇಳಿದವರು ಮುಂದೆ ಬರಬೇಕು. ಇಷ್ಟು ನೆಟ್ಟಗೆ ನಡೆಸಿದ ಅಧ್ಯಯನಗಳೇ ಬೆರಳೆಣಿಕೆಯಷ್ಟು ಇದ್ದವು, ಅವುಗಳಲ್ಲೂ ಹೆಚ್ಚಿನವು ಈ ಮಾತಿಗೆ ವಿರುದ್ಧವಾಗಿಯೇ ಇದ್ದವು. ಅಂದರೆ ಮಕ್ಕಳಿಗೆ ಇಷ್ಟ-ಅನಿಷ್ಟ ಇರುವುದು ನಿಜ. ಒಬ್ಬನಿಗೆ ಚಿತ್ರ ಇಷ್ಟ, ಒಬ್ಬಳಿಗೆ ಕಥೆ ಕೇಳುವುದು ಇಷ್ಟ. ಆದರೆ ಇಷ್ಟವಾದ ರೀತಿಯಲ್ಲಿ ಕಲಿತರೆ ಹೆಚ್ಚು ನಿಲ್ಲುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ದಾವಣಗೆರೆಯ ಮಕ್ಕಳಿಗೆ ದಿನಾ ಮೂರು ಹೊತ್ತು ಬೆಣ್ಣೆದೋಸೆ ಇಷ್ಟ. ಹಾಗಂತ ನಾವು ಕೊಡುತ್ತೇವಾ?

ಇನ್ನು ಬೆರಳಚ್ಚು ತೆಗೆದು ಮಗುವಿನ ಬುದ್ಧಿ ಯಾವ ತರಹದ್ದು ಎಂದು ಹೇಳುತ್ತೇವೆ ಎನ್ನುವವರ ವಿಷಯ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಆ ದುಡ್ಡಿನಲ್ಲಿ ಮಗುವಿಗೆ ಒಂದು ಒಳ್ಳೆಯ ನಿಘಂಟು ಬರುತ್ತದೆ.

ನಾನು ಕಲಿಸುವುದು ಕುರ್‌ಆನ್ ಓದು, ತಜ್ವೀದ್, ಫಿಕ್‌ಹ್, ಚರಿತ್ರೆ. ದಾರಿಯನ್ನು ತೀರ್ಮಾನಿಸುವುದು ಮಗು ಅಲ್ಲ, ಪಾಠ ಎನ್ನುವುದು ಈ ಕೆಲಸದಲ್ಲಿ ದಿನಾ ಕಾಣುತ್ತದೆ. ‘ಳಾದ್’ ಅಕ್ಷರದ ಮಖ್‌ರಜ್ ತೆಗೆದುಕೊಳ್ಳಿ. ನಾಲಗೆಯ ಅಂಚು ಮೇಲಿನ ದವಡೆಹಲ್ಲಿಗೆ ತಾಗುವ ಚಿತ್ರವನ್ನು ಗೋಡೆಗೆ ಅಂಟಿಸಿ ಒಂದು ವರ್ಷ ಇಟ್ಟರೂ ಮಗುವಿನ ಬಾಯಿಯಿಂದ ಆ ಅಕ್ಷರ ಬರುವುದಿಲ್ಲ. ಕೇಳಬೇಕು, ಉಸ್ತಾದರ ಬಾಯಿ ನೋಡಬೇಕು, ತಾನು ಹೇಳಬೇಕು, ತಪ್ಪಬೇಕು, ಮತ್ತೆ ಹೇಳಬೇಕು. ಆ ಮಗು ನೋಡಿ ಕಲಿಯುವವನಾದರೂ ಅಷ್ಟೇ, ಕೇಳಿ ಕಲಿಯುವವನಾದರೂ ಅಷ್ಟೇ. ವುಳೂ ಕಲಿಸುವುದು ಹೌಳಿನ ಬಳಿ ನಿಂತು, ಕೈಗೆ ನೀರು ಹಾಕಿಯೇ. ಅದರ ಫರ್ಳ್‌ಗಳನ್ನು ಬಾಯಿಪಾಠ ಹೇಳುವ ಎಷ್ಟೋ ಮಕ್ಕಳ ಮೊಣಕೈ ಒಣಗಿಯೇ ಇರುತ್ತದೆ. ಬದ್ರ್ ಯುದ್ಧದ ಪಾಠಕ್ಕೆ ನಕಾಶೆ ಬೇಕು. ಮದೀನ ಎಲ್ಲಿ, ಮಕ್ಕ ಎಲ್ಲಿ, ವರ್ತಕರ ದಾರಿ ಎಲ್ಲಿ ಎಂದು ಗೆರೆ ಹಾಕದೆ ಹೇಳಿದರೆ ಯಾವ ಮಗುವಿಗೂ ಅರ್ಥವಾಗುವುದಿಲ್ಲ.

ಹರಿಹರದ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಇವತ್ತು ಕಾರ್ಖಾನೆ ಇಲ್ಲದಿದ್ದರೂ ಆ ಕೆಲಸ ಬಲ್ಲವರ ಮಕ್ಕಳು, ಮೊಮ್ಮಕ್ಕಳು ಊರಲ್ಲಿ ಇದ್ದಾರೆ. ಲೇತ್ ಮೇಲೆ ಕಬ್ಬಿಣ ಕಡೆಯುವುದನ್ನು ಭಾಷಣ ಕೇಳಿ ಯಾರೂ ಕಲಿಯುವುದಿಲ್ಲ. ನಕ್ಷೆ ಓದಲು ಬಾರದೆ ಬರೀ ಕೈಚಳಕದಿಂದಲೂ ಆಗುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮರಳು ಹದಕ್ಕೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಭಟ್ಟಿಯ ಮುಂದೆಯೇ ನಿಲ್ಲಬೇಕು. ಕೈಯಲ್ಲಿ ಮಾಡುವ ವಿದ್ಯೆ ಎಲ್ಲರಿಗೂ ಕೈಯಿಂದಲೇ ಬರುವುದು. ಅದರಲ್ಲಿ ಒಂದು ಜಾತಿಯ ಮಕ್ಕಳು, ಇನ್ನೊಂದು ಜಾತಿಯ ಮಕ್ಕಳು ಎಂದಿಲ್ಲ.

ಪ್ರವಾದಿ(ಸ)ಯವರ ಕಲಿಸುವ ರೀತಿಯನ್ನು ಹದೀಸ್ ಓದಿದವರು ಗಮನಿಸಿರಬಹುದು. ಮನುಷ್ಯನ ಆಯುಷ್ಯ ಮತ್ತು ಆಸೆಯ ವಿಷಯ ಹೇಳುವಾಗ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ನಮಾಝನ್ನು ತಾವು ಮಾಡಿದ್ದನ್ನು ಕಂಡ ಹಾಗೆಯೇ ಮಾಡಿರಿ ಎಂದರು. ಮುಖ್ಯವಾದ ಮಾತನ್ನು ಮೂರು ಸಲ ಹೇಳುತ್ತಿದ್ದರು. ಅವಸರದಲ್ಲಿ ನಮಾಝ್ ಮುಗಿಸಿದ ಒಬ್ಬರನ್ನು ಹಿಂದೆ ಕಳುಹಿಸಿ, ಮತ್ತೆ ಮಾಡಿ ಬನ್ನಿ ಎಂದು ಮೂರು ಸಲ ಹೇಳಿದ ಪ್ರಸಂಗ ಪ್ರಸಿದ್ಧ. ಆ ಮನುಷ್ಯ ತಾನಾಗಿಯೇ, ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಕಲಿಸಿ ಎಂದು ಕೇಳಿದ ಮೇಲೆಯೇ ಹಂತಹಂತವಾಗಿ ವಿವರಿಸಿದರು. ಸಹಾಬಿಗಳಿಗೆ ಬೇಸರ ಬರಬಾರದೆಂದು ಉಪದೇಶವನ್ನು ದಿನ ಬಿಟ್ಟು ನೀಡುತ್ತಿದ್ದರೆಂದು ಇಬ್ನ್ ಮಸ್‌ಊದ್(ರ) ವರದಿ ಮಾಡಿದ್ದಾರೆ. ಗೆರೆ, ಮಾತು, ಮಾಡಿ ತೋರಿಸುವುದು, ಮಾಡಿಸಿ ನೋಡುವುದು, ಬಿಡುವು ಕೊಡುವುದು ಎಲ್ಲವೂ ಅಲ್ಲಿ ಉಂಟು. ವಿಷಯಕ್ಕೆ ತಕ್ಕ ಹಾಗೆ ರೀತಿ ಬದಲಾಗಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಶೈಲಿ ಅಲ್ಲವಾದರೆ, ಮಕ್ಕಳು ಚೆನ್ನಾಗಿ ಕಲಿಯುವುದು ಯಾವುದರಿಂದ? ಉತ್ತರ ನಮ್ಮ ಹಿಫ್ಝ್ ತರಗತಿಯಲ್ಲೇ ಇದೆ.

ಹಿಫ್ಝ್ ಮಾಡುವ ಹುಡುಗನ ದಿನವನ್ನು ನೋಡಿ. ಹೊಸ ಪಾಠಕ್ಕೆ ಸಬಕ್ ಎನ್ನುತ್ತಾರೆ. ಅದನ್ನು ನೋಡದೆ ಉಸ್ತಾದರಿಗೆ ಒಪ್ಪಿಸಬೇಕು. ಕಳೆದ ಕೆಲವು ದಿನಗಳ ಪಾಠ ಸಬ್ಕಿ, ಅದನ್ನೂ ಒಪ್ಪಿಸಬೇಕು. ಅದಕ್ಕಿಂತ ಹಿಂದಿನದ್ದು ಮಂಝಿಲ್ ಅಥವಾ ದೌರ್, ಅದರಲ್ಲಿ ದಿನಕ್ಕೆ ಇಂತಿಷ್ಟು ಎಂದು ಸುತ್ತಿ ಬರಬೇಕು. ಹೊಸದು ಎಷ್ಟೇ ಚೆನ್ನಾಗಿ ಬಂದರೂ ಹಳೆಯದು ತಪ್ಪಿದರೆ ಅವತ್ತು ಮುಂದೆ ಹೋಗಲು ಬಿಡುವುದಿಲ್ಲ. ಹೀಗೆ ಮೂವತ್ತು ಜುಝ್‌ಅ್ ಒಂದು ಮಗುವಿನ ಎದೆಯಲ್ಲಿ ಕೂರುತ್ತದೆ. ಮನೆಯಲ್ಲಿ ನಿನ್ನೆ ಇಟ್ಟ ಕೀಲಿಕೈ ಎಲ್ಲಿ ಎಂದು ಗೊತ್ತಿಲ್ಲದ ಹುಡುಗ ಅವನೇ.

ಇದರಲ್ಲಿ ಎರಡು ಸಂಗತಿ ಇವೆ. ಒಂದು, ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯುವುದು. ಎರಡು, ಬಿಡುವು ಕೊಟ್ಟು ಮತ್ತೆಮತ್ತೆ ಅದಕ್ಕೇ ಮರಳುವುದು. ಮರೆವು ಎಷ್ಟು ಬೇಗ ಬರುತ್ತದೆ ಎಂದು ಜರ್ಮನಿಯ ಹೆರ್ಮನ್ ಎಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕುರ್‌ಆನ್ ಕಂಠಪಾಠ ಮಾಡಿದವನನ್ನು ಹಗ್ಗದಲ್ಲಿ ಕಟ್ಟಿದ ಒಂಟೆಯ ಯಜಮಾನನಿಗೆ ಪ್ರವಾದಿ(ಸ)ಯವರು ಹೋಲಿಸಿದ್ದರು: ನೋಡಿಕೊಂಡರೆ ಇರುತ್ತದೆ, ಬಿಟ್ಟರೆ ಓಡುತ್ತದೆ. ಪ್ರತಿ ರಮಳಾನಿನಲ್ಲಿ ಜಿಬ್ರೀಲ್(ಅ) ಬಂದು ಅವರ ಜೊತೆ ಕುರ್‌ಆನ್ ಪುನರಾವರ್ತನೆ ಮಾಡುತ್ತಿದ್ದರು, ಕೊನೆಯ ವರ್ಷ ಎರಡು ಸಲ. ಸುಮಾರು 800 ವರ್ಷಗಳ ಹಿಂದಿನ ಇಮಾಂ ಝರ್ನೂಜಿಯವರು ‘ತಅ್‌ಲೀಮುಲ್ ಮುತಅಲ್ಲಿಮ್’ ಕಿತಾಬಿನಲ್ಲಿ ಲೆಕ್ಕವನ್ನೇ ಕೊಟ್ಟಿದ್ದಾರೆ. ನಿನ್ನೆಯ ಪಾಠ ಐದು ಸಲ, ಮೊನ್ನೆಯದು ನಾಲ್ಕು ಸಲ, ಅದರ ಹಿಂದಿನದು ಮೂರು, ಹೀಗೆ ಒಂದರವರೆಗೆ. ದರ್ಸ್‌ಗಳಲ್ಲಿ ಓದಿದವರಿಗೆ ಈ ಕಿತಾಬು ಗೊತ್ತು. ಓದಿ ಮುಗಿಸಿ ಕಪಾಟಿನಲ್ಲಿ ಇಟ್ಟವರೇ ಹೆಚ್ಚು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಸಂಶೋಧಕರು ಇದನ್ನೇ ಕಾಲೇಜು ವಿದ್ಯಾರ್ಥಿಗಳ ಮೇಲೆ ಅಳೆದು ನೋಡಿದರು. ಒಂದು ಪಾಠವನ್ನು ಎರಡು ಸಲ ಓದುವುದು ಒಂದು ರೀತಿ. ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆಯುವುದು ಇನ್ನೊಂದು ರೀತಿ. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ: ಶೇ. 81, ಬರೆದವರು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಎರಡು ಸಲ ಓದಿದವರಿಗೆ ನೆನಪಿದ್ದದ್ದು ಶೇ. 42, ಮುಚ್ಚಿ ಬರೆದವರಿಗೆ ಶೇ. 56. ಇದರ ಮುಂದಿನ ಪ್ರಯೋಗದಲ್ಲಿ ಇನ್ನೊಂದು ತಮಾಷೆ ಕಂಡಿತು. ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಧೈರ್ಯ ಹೆಚ್ಚಾಗಿ ಇದ್ದದ್ದು ಬರೀ ಓದಿದವರಿಗೆ! ಎಸೆಸೆಲ್ಸಿ ಪರೀಕ್ಷೆಯ ಹಾಲಿನಿಂದ ಅಳುತ್ತಾ ಬಂದು, “ಎಲ್ಲ ಓದಿದ್ದೆ ಉಮ್ಮಾ, ಬರೆಯುವಾಗ ಬರಲಿಲ್ಲ” ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಓದಿದ್ದು ನಿಜ. ಒಂದು ಸಲವೂ ಪುಸ್ತಕ ಮುಚ್ಚಿ ನೋಡಿರಲಿಲ್ಲ, ಅಷ್ಟೇ.

ನನಗೆ ಬೇಸರ ಬರುವುದು ಇಲ್ಲಿ. ಬೆಳಿಗ್ಗೆ ಮದರಸದಲ್ಲಿ ಸಬಕ್, ಸಬ್ಕಿ, ಮಂಝಿಲ್ ಎಂದು ಇಷ್ಟು ಕ್ರಮದಲ್ಲಿ ಕಲಿಯುವ ಮಗು, ಅದೇ ಸಂಜೆ ವಿಜ್ಞಾನದ ಪುಸ್ತಕ ತೆಗೆದಾಗ ಹಳದಿ ಪೆನ್ನಿನಲ್ಲಿ ಗೆರೆ ಎಳೆದು, ಅದನ್ನೇ ಹತ್ತು ಸಲ ಕಣ್ಣಾಡಿಸಿ, ಓದಾಯಿತು ಎನ್ನುತ್ತದೆ. 2013ರಲ್ಲಿ ಡನ್‌ಲಾಸ್ಕಿ ಎಂಬವರ ತಂಡ ಓದುವ ಹತ್ತು ಕ್ರಮಗಳನ್ನು ತೂಗಿ ನೋಡಿತು. ಗೆರೆ ಎಳೆಯುವುದಕ್ಕೆ, ಬರೀ ಮತ್ತೆ ಓದುವುದಕ್ಕೆ ಸಿಕ್ಕಿದ್ದು ಕೆಳಗಿನ ದರ್ಜೆ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೂ ಬಿಡುವು ಕೊಟ್ಟು ಓದುವುದಕ್ಕೂ ಮೇಲಿನ ದರ್ಜೆ. ನಮ್ಮ ಮಕ್ಕಳ ಕೈಯಲ್ಲಿ ಮೇಲಿನ ದರ್ಜೆಯ ಸಾಮಾನು ಆಗಲೇ ಉಂಟು. ಅದು ಮದರಸದ ಬಾಗಿಲಿನಿಂದ ಹೊರಗೆ ಬರುತ್ತಿಲ್ಲ. ಇದರಲ್ಲಿ ಶಾಲೆ ಬೇರೆ, ಮದರಸ ಬೇರೆ ಎಂದು ಗೋಡೆ ಕಟ್ಟಿದ ಹಿರಿಯರಾದ ನಮ್ಮೆಲ್ಲರ ಪಾಲೂ ಇದೆ.

ಇದರ ಮುಂದಿನ ಮಾತು ದಾವಣಗೆರೆ, ಹರಿಹರದ ಬ್ಯಾರಿ ಮನೆಗಳದ್ದೇ. ಮಂಗಳೂರು, ಬಂಟ್ವಾಳ, ಪುತ್ತೂರು ಕಡೆ ಇರುವ ನಮ್ಮ ಸಂಬಂಧಿಕರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಇಲ್ಲಿ ನಿಂತ ಮನೆಯ ಮಗುವಿಗೆ ಒಂದೊಂದು ವಸ್ತುವಿಗೂ ಮೂರು ಹೆಸರು. ಮನೆಯಲ್ಲಿ ನಿಸ್ಕಾರ, ಬೀದಿಯಲ್ಲಿ ನಮಾಝ್. ಮನೆಯಲ್ಲಿ ನೋಂಬು, ಗೆಳೆಯರ ಮನೆಯಲ್ಲಿ ರೋಝಾ, ಶಾಲೆಯಲ್ಲಿ ಉಪವಾಸ. ಉಮ್ಮ ಪಳ್ಳಿ ಎಂದರೆ ಪಕ್ಕದ ಮನೆಯ ಅಮ್ಮಿ ಮಸ್ಜಿದ್ ಎನ್ನುತ್ತಾರೆ. ನಾವು ರಮಳಾನ್ ಎಂದು ಹೇಳಿಕೊಟ್ಟ ಅಕ್ಷರ ಪೇಟೆಯಲ್ಲಿ ರಂಜಾನ್ ಆಗಿರುತ್ತದೆ. ಮನೆಯಲ್ಲಿ ಬ್ಯಾರಿ, ಆಟದಲ್ಲಿ ದಖನಿ ಉರ್ದು, ಬಸ್ಸಿನಲ್ಲಿ ಕನ್ನಡ, ಶಾಲೆಯ ಪುಸ್ತಕ ಇಂಗ್ಲಿಷ್, ಕುರ್‌ಆನ್ ಅರಬಿ. ಅಜ್ಜಿಯ ಮನೆಗೆ ರಜೆಗೆ ಹೋದರೆ ಅಲ್ಲಿಯ ಮದರಸದ ಪುಸ್ತಕ ಅರಬಿ-ಮಲಯಾಳಂ. ಅದೂ ಸಾಲದು ಎಂಬಂತೆ ನಾವು ಶಾಫಿಈಗಳು, ಸುತ್ತಮುತ್ತಲಿನ ಜಮಾಅತಿನವರು ಹೆಚ್ಚಾಗಿ ಹನಫಿಗಳು. ಸುಬುಹಿ ನಮಾಝಿನಲ್ಲಿ ಉಪ್ಪ ಕುನೂತ್ ಓದುತ್ತಾರೆ, ಮಸ್ಜಿದಿನ ಇಮಾಮರು ಓದುವುದಿಲ್ಲ. ರುಕೂಇಗೆ ಹೋಗುವಾಗ ಒಬ್ಬರು ಕೈ ಎತ್ತುತ್ತಾರೆ, ಒಬ್ಬರು ಎತ್ತುವುದಿಲ್ಲ. ಎರಡೂ ಸರಿ ಎಂದು ನಮಗೆ ಗೊತ್ತು. ಏಳು ವರ್ಷದ ಮಗುವಿಗೆ ಯಾರು ಹೇಳಬೇಕು?

ಇಂಥ ಮಗು ತರಗತಿಯಲ್ಲಿ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳದೆ ಸುಮ್ಮನೆ ನಿಂತರೆ ಕೇಳಿದ್ದು ಅರ್ಥವಾಗದವನು ಎಂದು ಹಣೆಪಟ್ಟಿ ಹಚ್ಚುತ್ತೇವೆ. ಅವನು ಮನಸ್ಸಿನಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊಳೆ ದಾಟುತ್ತಿರುತ್ತಾನೆ. ಅವನಿಗೆ ಬೇಕಾದ್ದು ಚಿತ್ರಪಟ ಅಲ್ಲ, ಎರಡು ನಿಮಿಷ ಸಮಯ ಮತ್ತು ಮನೆಮಾತಿನಲ್ಲಿ ಒಂದು ವಿವರಣೆ. ಚಿಕ್ಕ ಮಕ್ಕಳಿಗೆ ಮನೆಯ ಭಾಷೆಯಲ್ಲಿ ಕಲಿಸಬೇಕೆಂದು ಯುನೆಸ್ಕೊ 1953ರಲ್ಲೇ ಹೇಳಿದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆ ಮಾತಿದೆ. ಬ್ಯಾರಿ ಭಾಷೆಯಲ್ಲಿ ಶಾಲೆ ತೆರೆಯಲು ದಾವಣಗೆರೆಯಲ್ಲಿ ಆಗುವ ಮಾತಲ್ಲ. ಆದರೆ ಅಡುಗೆಮನೆಯಲ್ಲಿ ಆಗುತ್ತದೆ. ಮಗುವಿನ ಜೊತೆ ಬ್ಯಾರಿ ಮಾತಾಡಿದರೆ ಅದರ ಇಂಗ್ಲಿಷ್ ಹಾಳಾಗುತ್ತದೆ ಎಂದು ಮನೆಯಲ್ಲೂ ಹರಕು ಇಂಗ್ಲಿಷಿನಲ್ಲಿ ಮಾತಾಡುವ ಉಮ್ಮಂದಿರು ಈಗ ಹೆಚ್ಚಾಗುತ್ತಿದ್ದಾರೆ. ಅವರಿಗೆ ನನ್ನ ವಿನಂತಿ: ನಿಮಗೆ ಗಟ್ಟಿಯಾಗಿ ಬರುವ ಭಾಷೆಯಲ್ಲಿ ಮಾತಾಡಿ. ಮಗು ವಾದ ಮಾಡುವುದನ್ನು, ಕಾರಣ ಕೇಳುವುದನ್ನು ಕಲಿಯುವುದು ಗಟ್ಟಿ ಭಾಷೆಯಲ್ಲಿ.

ಇನ್ನು ಅಂಗಡಿ. ನಾವು ಹೆಸರಿನಲ್ಲೇ ವ್ಯಾಪಾರವನ್ನು ಕಟ್ಟಿಕೊಂಡ ಜನ ಎಂದು ಹಿರಿಯರು ಹೇಳುತ್ತಾರೆ. ಮಂಡಿಪೇಟೆಗೆ ಉಪ್ಪನ ಜೊತೆ ಹೋದ ಹನ್ನೆರಡು ವರ್ಷದ ಹುಡುಗ, ಕಿಲೋಗೆ 46 ರೂಪಾಯಿಯಂತೆ ಎರಡೂವರೆ ಕಿಲೋಗೆ ಎಷ್ಟು ಎಂದು ಕೇಳಿದರೆ ಬಾಯಲ್ಲೇ 115 ಎನ್ನುತ್ತಾನೆ. ಶಾಲೆಯಲ್ಲಿ ದಶಮಾಂಶ ಗುಣಾಕಾರ ಕೊಟ್ಟರೆ ಸೊನ್ನೆ. ‘ನೋಡಿ, ಇವನು ಮಾಡಿ ಕಲಿಯುವವನು, ಶಾಲೆ ಇವನಿಗಲ್ಲ’ ಎಂದು ನಮ್ಮವರು ಕೂಡಲೇ ತೀರ್ಪು ಕೊಡುತ್ತಾರೆ. ಇದು ನಮ್ಮ ಊರಿನ ವಿಶೇಷ ಏನಲ್ಲ. ಬ್ರೆಝಿಲಿನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಎಳನೀರು, ಹಣ್ಣು ಮಾರುವ ಐದು ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಬಂತು. ಮಾರುತ್ತಾ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿ, ಅದೇ ಲೆಕ್ಕವನ್ನು ಶಾಲೆಯ ತರಹ ಕಾಗದದಲ್ಲಿ ಕೊಟ್ಟಾಗ ಶೇ. 37 ಮಾತ್ರ ಸರಿ. ನಮ್ಮ ದೇಶದಲ್ಲೂ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ ನಡೆದ ದೊಡ್ಡ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಯೂ ಅದೇ ಕಥೆ. ಜೊತೆಗೆ ಇನ್ನೊಂದೂ ಕಂಡಿತು. ಬರೀ ಶಾಲೆಗೆ ಹೋಗುವ ಮಕ್ಕಳು ಶಾಲೆಯ ಲೆಕ್ಕ ಬಿಡಿಸಿದರೂ ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು.

ಹಾಗಾದರೆ ಅಂಗಡಿಯ ಹುಡುಗನಿಗೆ ಇರುವ ತೊಂದರೆ ಬುದ್ಧಿಯದ್ದಲ್ಲ, ಶೈಲಿಯದ್ದೂ ಅಲ್ಲ. ಬಾಯಿಲೆಕ್ಕಕ್ಕೂ ಕಾಗದದ ಲೆಕ್ಕಕ್ಕೂ ನಡುವೆ ಸೇತುವೆ ಹಾಕಿಕೊಟ್ಟವರಿಲ್ಲ. 46ನ್ನು ಎರಡು ಸಲ, ಆಮೇಲೆ ಅದರ ಅರ್ಧ ಎಂದು ಅವನು ಬಾಯಲ್ಲಿ ಮಾಡಿದ್ದನ್ನು ಅವನ ಕೈಯಲ್ಲೇ ಬರೆಸಿ, ಇದೇ ನಿನ್ನ ಪುಸ್ತಕದ 2.5ರ ಗುಣಾಕಾರ ಎಂದು ತೋರಿಸಿದರೆ ಹತ್ತು ದಿನದಲ್ಲಿ ಆ ಹೆದರಿಕೆ ಇಳಿಯುತ್ತದೆ. ಅದಕ್ಕೆ ಟ್ಯೂಶನ್ ಬೇಡ, ಅಂಗಡಿಯಲ್ಲಿ ಕೂತ ಉಪ್ಪ ಸಾಕು. ಹುಡುಗ ಅಂಗಡಿಗೆ ಬರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ದುಡಿಮೆ ಹಲಾಲ್, ಅದರಲ್ಲಿ ಮರ್ಯಾದೆ ಉಂಟು. ಆದರೆ ಹದಿನೈದನೇ ವರ್ಷಕ್ಕೆ ಪುಸ್ತಕ ಬಿಡಿಸಿ ಕೂರಿಸಿದವನಿಗೆ ಇಪ್ಪತ್ತೈದಕ್ಕೆ ಜಿಎಸ್‌ಟಿ, ಬ್ಯಾಂಕ್ ಸಾಲ, ಬಾಡಿಗೆ ಕರಾರು ಎದುರಾಗುತ್ತದೆ. ಆಗ ಪಿ.ಬಿ. ರಸ್ತೆಯ ಯಾವುದೋ ಕಚೇರಿಯಲ್ಲಿ ಇನ್ನೊಬ್ಬರು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಬರುತ್ತಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಕೇಳಿ ಕಲಿಯುವ, ಬಾಯಿಪಾಠದ ಹುಡುಗಿ ಎಂದು ಹೊಗಳಿ, ಪಿಯುಸಿಯಲ್ಲಿ ವಿಜ್ಞಾನ ಅವಳಿಗೆ ಕಷ್ಟ ಎಂದು ಮೊದಲೇ ತೀರ್ಮಾನಿಸುವವರಿದ್ದಾರೆ. ಅವಳನ್ನು ಒಂದು ಮಾತು ಕೇಳಿರುವುದಿಲ್ಲ.

ಮಕ್ಕಳ ನಡುವೆ ವ್ಯತ್ಯಾಸವೇ ಇಲ್ಲವಾ ಎಂದು ನೀವು ಕೇಳಬಹುದು. ಉಂಟು, ಬಹಳ ಉಂಟು. ಆದರೆ ಅದು ಹೆಚ್ಚಾಗಿ ವೇಗದ್ದು, ಮತ್ತು ಈಗಾಗಲೇ ಎಷ್ಟು ಗೊತ್ತಿದೆ ಎನ್ನುವುದರದ್ದು. ಹಿಂದೆ ಕರಾವಳಿಯ ಓತುಪಳ್ಳಿಗಳಲ್ಲಿ ಒಂದೇ ಚಾಪೆಯ ಮೇಲೆ ಒಬ್ಬ ಅಲಿಫ್ ಬರೆಯುತ್ತಿದ್ದ, ಪಕ್ಕದವನು ಅಮ್ಮ ಜುಝ್‌ಇನಲ್ಲಿದ್ದ, ಇನ್ನೊಬ್ಬಳು ಖತಂ ಹತ್ತಿರ ಬಂದಿದ್ದಳು. ಯಾರೂ ಯಾರಿಗೂ ಕಾಯುತ್ತಿರಲಿಲ್ಲ, ಯಾರನ್ನೂ ಎಳೆದುಕೊಂಡು ಹೋಗುತ್ತಿರಲಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲೂ ಇದೇ ತತ್ವ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ ಬಂದ ಶಿಕ್ಷಕರು ಅದನ್ನು ಆರಂಭಿಸಿದರು. ಗೋಡೆಯ ಮೇಲೆ ಕಲಿಕಾ ಏಣಿ, ಮೆಟ್ಟಿಲಿಗೊಂದು ಕಾರ್ಡು, ಮಗು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ. ಒಂದು ವಾರ ಜ್ವರ ಬಂದು ಶಾಲೆ ತಪ್ಪಿದರೆ ಪಾಠ ತಪ್ಪುವುದಿಲ್ಲ. ಆಮೇಲೆ ಅದು ರಾಜ್ಯದ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಹರಿಹರ, ದಾವಣಗೆರೆಯಲ್ಲಿ ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುವ ನಮ್ಮ ಮನೆಗಳವರು ಒಂದು ಸಲ ಒಳಗೆ ಹೋಗಿ ನೋಡಬಹುದು.

ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮ’ದಲ್ಲಿ ಕಲಿಸುವ ಬಗ್ಗೆಯೂ ಹೇಳಿದ್ದಾರೆ. ಒಂದು ವಿದ್ಯೆಯನ್ನು ಮೂರು ಸುತ್ತಿನಲ್ಲಿ ಕಲಿಸಬೇಕು: ಮೊದಲು ಸ್ಥೂಲವಾಗಿ, ಎರಡನೆಯದರಲ್ಲಿ ವಿವರವಾಗಿ, ಮೂರನೆಯದರಲ್ಲಿ ಕಷ್ಟದ ಜಾಗಗಳನ್ನು ಬಿಡಿಸಿ. ಹೊಡೆದು ಬಡಿದು ಕಲಿಸಿದ ಮಗು ಸುಳ್ಳು, ಸೋಮಾರಿತನ ಕಲಿಯುತ್ತದೆ ಎಂದೂ ಎಚ್ಚರಿಸಿದ್ದಾರೆ. ಬೆತ್ತ ಹಿಡಿದ ಉಸ್ತಾದರಿಗೆ ಮಗು ಒಪ್ಪಿಸುವುದು ಪಾಠ ಅಲ್ಲ, ಹೆದರಿಕೆ. ಕೆಲವು ಮನೆಯವರು ಈಗಲೂ “ಉಸ್ತಾದರೇ, ಎರಡು ಬಾರಿಸಿ, ಸರಿಯಾಗ್ತಾನೆ” ಎಂದು ಹೇಳಿ ಹೋಗುತ್ತಾರೆ. ನಮ್ಮ ಕಡೆಯಿಂದ ಆ ಸಹಾಯ ಕೇಳಬೇಡಿ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬಾರದು. ಶೈಲಿ ಎಂದುಕೊಂಡದ್ದು ಕೆಲವು ಸಲ ಕಾಯಿಲೆಯೋ ಕೊರತೆಯೋ ಆಗಿರುತ್ತದೆ. ‘ನೋಡಿ ಕಲಿಯುವುದಿಲ್ಲ’ ಎನ್ನುವ ಮಗುವಿಗೆ ಬೋರ್ಡು ಕಾಣುತ್ತಿಲ್ಲದೆ ಇರಬಹುದು, ಕನ್ನಡಕ ಹಾಕಿದರೆ ಮುಗಿಯಿತು. ‘ಕೇಳಿದ್ದು ತಲೆಗೆ ಹೋಗುದಿಲ್ಲ’ ಎನ್ನುವ ಮಗುವಿನ ಕಿವಿ ಸೋರಿ ಸೋರಿ ಶ್ರವಣ ಕಡಿಮೆಯಾಗಿರಬಹುದು. ಚೆನ್ನಾಗಿ ಮಾತಾಡುವ, ಚುರುಕಾದ ಮಗು ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಒದ್ದಾಡಿದರೆ, ಕನ್ನಡದಲ್ಲೂ ಅರಬಿಯಲ್ಲೂ ಹಾಗೆಯೇ ಆದರೆ, ಅದು ಡಿಸ್‌ಲೆಕ್ಸಿಯಾ ಆಗಿರಬಹುದು. ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಲಾಗಿದೆ. ಸರಿಯಾದ ಪ್ರಮಾಣಪತ್ರ ಇದ್ದರೆ ಪರೀಕ್ಷೆಗಳಲ್ಲಿ ಅನುಕೂಲ ಕೇಳಬಹುದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣು, ಕಿವಿ ತೋರಿಸಬಹುದು. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ತಪಾಸಣೆಗೆ ಹೋಗುವುದು ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಖಾಸಗಿ ಶಾಲೆಗೆ ಹೋಗುವ ಮಗುವನ್ನು ಮನೆಯವರೇ ಕರೆದುಕೊಂಡು ಹೋಗಬೇಕು. ಮದುವೆಗೆ ತೊಂದರೆಯಾದೀತು, ಜನ ಏನೆಂದಾರು ಎಂದು ಮುಚ್ಚಿಟ್ಟು, ಓತಿಸಿದ ನೀರು ಮಾತ್ರ ಕುಡಿಸುತ್ತಾ ಕೂತರೆ ವರ್ಷಗಳು ಹೋಗುತ್ತವೆ. ದುಆ ಮಾಡಿ, ಆಸ್ಪತ್ರೆಗೂ ಹೋಗಿ.

ಉಳಿದ ಮಕ್ಕಳಿಗೆ, ಅಂದರೆ ನಮ್ಮ ಹೆಚ್ಚಿನ ಮಕ್ಕಳಿಗೆ, ಮನೆಯಲ್ಲಿ ಮಾಡಬಹುದಾದ ಕೆಲಸ ಚಿಕ್ಕದು. ಮಗ್ರಿಬ್ ಆದ ಮೇಲೆ ಅರ್ಧ ಗಂಟೆ ಮೊಬೈಲುಗಳೆಲ್ಲ ಒಂದು ಕಡೆ ಇರಲಿ, ಉಪ್ಪನದ್ದೂ ಸೇರಿ. ಶಾಲೆಯಲ್ಲಿ ಇವತ್ತು ಕಲಿತದ್ದನ್ನು ಪುಸ್ತಕ ಮುಚ್ಚಿ ಉಮ್ಮನಿಗೆ ಬ್ಯಾರಿಯಲ್ಲಿ ಹೇಳಲಿ. ಉಮ್ಮನಿಗೆ ವಿಜ್ಞಾನ ಗೊತ್ತಿರಬೇಕೆಂದಿಲ್ಲ. “ಅದು ಯಾಕೆ ಹಾಗೆ?” ಎಂದು ಕೇಳಿದರೆ ಸಾಕು. ದ್ಯುತಿಸಂಶ್ಲೇಷಣೆ ಎನ್ನುವ ಪದಕ್ಕೆ ಬ್ಯಾರಿಯಲ್ಲಿ ಪದ ಇಲ್ಲ ನಿಜ, ಆದರೆ ಎಲೆ ಬಿಸಿಲಿನಲ್ಲಿ ಆಹಾರ ಮಾಡುತ್ತದೆ ಎಂದು ಹೇಳಲು ಬ್ಯಾರಿ ಸಾಕು. ಹೇಳಲು ಬಾರದ ಜಾಗದಲ್ಲಿ ಪುಸ್ತಕ ತೆರೆದು ಆ ಸಾಲನ್ನು ಮಾತ್ರ ನೋಡಲಿ, ಮತ್ತೆ ಮುಚ್ಚಲಿ. ಗುರುವಾರ ರಾತ್ರಿ ಇಡೀ ವಾರದ್ದು ಒಂದು ಸುತ್ತು, ಇದು ಮಂಝಿಲ್. ಕಳೆದ ತಿಂಗಳ ಪಾಠದಿಂದಲೂ ಎರಡು ಪ್ರಶ್ನೆ.

ಮೊದಲ ಎರಡು ವಾರ ಮಕ್ಕಳು ಗೊಣಗುತ್ತಾರೆ. ಮೊದಲೇ ಚೆನ್ನಾಗಿತ್ತು, ಈಗ ಏನೂ ನೆನಪಾಗುವುದಿಲ್ಲ ಎನ್ನುತ್ತಾರೆ. ನೆನಪಾಗದೆ ಒದ್ದಾಡುವ ಆ ಹೊತ್ತೇ ಕಲಿಯುವ ಹೊತ್ತು ಎಂದು ಅವರಿಗೆ ಹೇಳಿ, ಸಬಕ್ ತಪ್ಪಿದಾಗ ಉಸ್ತಾದ್ ಹಿಂದೆ ಕಳುಹಿಸುವುದನ್ನು ನೆನಪಿಸಿ. ಅಷ್ಟರಲ್ಲಿ ಇಶಾ ಬಾಂಗ್ ಆಗಿರುತ್ತದೆ.